ಅಶಕ್ತ ಮಹಿಳೆಯರ ಗಮನಕ್ಕೆ

ಛತ್ರಿ ಕಾರ್ಖಾನೆಯಲ್ಲಿ ದುಡಿಯುವವರೆಲ್ಲ ಛತ್ರಿಗಳೇ ಎಂಬ ಮಾತು ಊರಲ್ಲಿ ಬಹಳ ಹಳೆಯದು. ಮೊದಲು ಯಾರು ಅಂದರೋ ಗೊತ್ತಿಲ್ಲ. ಆದರೆ ಅಂದವರ ದನಿಯಲ್ಲೇ ಅದನ್ನು ಅಂದು ತೋರಿಸಬಲ್ಲವಳು ಕಾರ್ಖಾನೆಯೊಳಗೇ ಒಬ್ಬಳಿದ್ದಳು. ಟೈಮ್ ಆಫೀಸಿನಲ್ಲಿ ಕೂತು ಹಾಜರಿ ನೋಡುವುದು, ಹೊತ್ತುಹೊತ್ತಿಗೆ ಮೈಕಿನಲ್ಲಿ ಪ್ರಕಟಣೆ ಕೂಗುವುದು ಅವಳ ಕೆಲಸ. ಮಿಕ್ಕ ಹೊತ್ತಿನಲ್ಲಿ ಕಂಡವರನ್ನೆಲ್ಲ ಅಣಕಿಸುವುದು ಅವಳ ಕಸುಬು. ಕೆಲಸಕ್ಕೆ ಸಂಬಳವಿತ್ತು, ಕಸುಬಿಗೆ ಚಪ್ಪಾಳೆ. ಕಡ್ಡಿ ವಿಭಾಗದ ಮೇಸ್ತ್ರಿ ಕೆಮ್ಮುವ ಮುಂಚೆ ಮೂಗು ಸೇದುವುದು, ಹೊಲಿಗೆ ವಿಭಾಗದ ಹಿರಿಯಮ್ಮ ಹಲ್ಲಲ್ಲಿ ದಾರ ಕಚ್ಚಿಕೊಂಡೇ ಬೈಯುವುದು, ಬಟ್ಟೆ ಕತ್ತರಿಸುವ ಯಂತ್ರ ಕೆಡುವ ಮೊದಲು ನರಳುವುದು, ಎಲ್ಲವೂ ಅವಳ ಗಂಟಲಲ್ಲಿ ಬಾಡಿಗೆಗಿದ್ದವು. ಯಂತ್ರ ಕೆಟ್ಟಿತೆಂದೇ ನಂಬಿ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಓಡಿ ಬಂದದ್ದೂ ಉಂಟು. ಹಾಗಾಗಿ ಅವಳು ಎಲ್ಲರ ಬಾಯಲ್ಲಿ ಗಿಳಿಯಕ್ಕ.

ಗಿಳಿಯಕ್ಕನ ಕಲೆಗೆ ಕಳಶವಿಟ್ಟವರು ಮಾತ್ರ ಮ್ಯಾನೇಜರ್. ಅವರ ನಾಲಿಗೆಯ ಮೇಲೆ 'ಸ' ಎಂಬ ಅಕ್ಷರಕ್ಕೆ ಪ್ರವೇಶವೇ ಇರಲಿಲ್ಲ. ಸಮಯ ಅವರಿಗೆ ಶಮಯ, ಸಂಬಳ ಶಂಬಳ, ಸೈಕಲ್ಲು ಶೈಕಲ್ಲು. ಸಾಲದ್ದಕ್ಕೆ ಆತುರದ ಮನುಷ್ಯ, ಕೆಲವು ದೀರ್ಘ ಹ್ರಸ್ವವಾಗಿ ಬೀಳುವುದು. 'ಆಸಕ್ತಿಯಿಂದ ಕೆಲಸ ಮಾಡಿ' ಎಂದು ಹುರಿದುಂಬಿಸಲು ಹೋಗಿ 'ಅಶಕ್ತಿಯಿಂದ ಕೆಲಶ ಮಾಡಿ' ಎನ್ನುತ್ತಿದ್ದರು. ಜನ ಅಪ್ಪಣೆಯನ್ನು ಅಕ್ಷರಶಃ ಪಾಲಿಸುತ್ತಿದ್ದರು. ಬೆನ್ನ ಹಿಂದೆ ಅವರಿಗೆ 'ಶಾರ್' ಎಂದೇ ಹೆಸರು.

ಇಷ್ಟು ದಿನ ಕಾರ್ಖಾನೆ ಇದ್ದದ್ದು ಗಿಳಿಯಕ್ಕನ ಮನೆಯ ಹಿಂದಿನ ಬೀದಿಯಲ್ಲಿ. ಒಲೆ ಆರಿಸಿ ಹೊರಟರೆ ಚಪ್ಪಲಿಗೆ ಧೂಳು ಮೆತ್ತುವ ಮೊದಲೇ ಮೈಕಿನ ಮುಂದೆ ಕೂತಿರುತ್ತಿದ್ದಳು. ಈಗ ಕಾರ್ಖಾನೆ ನದಿಯಾಚೆ, ಹೊಸ ಕಟ್ಟಡಕ್ಕೆ ಹೊರಟಿತ್ತು. ನದಿಗೆ ಇದ್ದ ಸೇತುವೆ ಕಿರಿದು, ಬಸ್ಸು ಹಿಡಿಸದು. ಅದಕ್ಕೇ ಕಂಪನಿ ಕೈ ಬಿಚ್ಚಿ ಲಾರಿ ತುಂಬ ಸೈಕಲ್ಲು ತರಿಸಿತ್ತು. ಅರ್ಧ ಗಂಡಸರಿಗೆ, ಬಾರ್ ಇರುವಂಥವು. ಅರ್ಧ ಹೆಂಗಸರಿಗೆ, ಬಾರ್ ಇಲ್ಲದವು.

ಗಂಡಸರ ಸೈಕಲ್ಲುಗಳು ಟೀ ಆರುವ ಮೊದಲೇ ಮುಗಿದುಹೋದವು. ಹೆಂಗಸರವು ಪ್ಲಾಸ್ಟಿಕ್ ಹೊದ್ದುಕೊಂಡು ಅಂಗಳದ ಗೋಡೆಗೆ ಒರಗಿದವು, ವಧುಪರೀಕ್ಷೆಗೆ ನಿಂತು ಯಾರೂ ಬಾರದೆ ಹೋದ ಹಾಗೆ. ಒಬ್ಬಳೂ ಹೆಸರು ಕೊಡಲಿಲ್ಲ.

ಕಾರ್ಮಿಕರ ಕಲ್ಯಾಣ ನೋಡಿಕೊಳ್ಳುವ ಅಧಿಕಾರಿಗೆ ಇದು ಹಬ್ಬವಾಯಿತು. ಆತನ ಅಡ್ಡಹೆಸರು ಪರ್ಸೆಂಟು. ಹಸಿವಾದರೂ ಶೇಕಡಾ ಎಷ್ಟು ಹಸಿವು ಎಂದು ಹೇಳಿ ಊಟಕ್ಕೆ ಏಳುವ ಆಸಾಮಿ.

"ನೋಡ್ರೀ ಗಿಳಿಯಕ್ಕ, ಸೈಕಲ್ ವಿಷಯದಲ್ಲಿ ಪುರುಷರ ಆಸಕ್ತಿ ನೂರಕ್ಕೆ ನೂರು. ಮಹಿಳೆಯರದ್ದು ನೂರಕ್ಕೆ ಸೊನ್ನೆ. ಅಂಕಿಅಂಶ ಸುಳ್ಳು ಹೇಳಲ್ಲ."

"ಆ ನೂರರಲ್ಲಿ ಸೈಕಲ್ ಹೊಡಿಯೋಕೆ ಬರೋದು ಎಷ್ಟು ಜನಕ್ಕೆ ಸಾರ್?"

"ಅದನ್ನ ನಾವು ಕೇಳಿಲ್ಲ."

"ಬಣ್ಣದ ಡಬ್ಬಿ ಹೊರೋ ಹುಡುಗಂಗೆ ಬರಲ್ಲ. ಕಡ್ಡಿ ಮೇಸ್ತ್ರಿಗೆ ಬರಲ್ಲ. ಇಬ್ರೂ ಹೆಸರು ಕೊಟ್ಟಿದ್ದಾರೆ."

"ಕಲ್ತ್ಕೋತಾರೆ ಬಿಡ್ರೀ. ಗಂಡಸ್ರು." ಪರ್ಸೆಂಟು ಕನ್ನಡಕ ಒರೆಸಿಕೊಂಡ. "ಶನಿವಾರದವರೆಗೆ ನೋಡ್ತೀವಿ. ಆಗಲೂ ಯಾರೂ ಬರದಿದ್ರೆ ಲೇಡೀಸ್ ಸೈಕಲ್ ಎಲ್ಲಾ ಅಂಗಡಿಗೆ ವಾಪಸ್. ಮಾತಾಡಿ ಆಗಿದೆ."

ಶನಿವಾರ ಎಂದ ಕೂಡಲೇ ಗಿಳಿಯಕ್ಕ ಬೆರಳಲ್ಲಿ ದಿನ ಎಣಿಸಿದಳು. ಆ ಸೈಕಲ್ಲು ಅಂಗಡಿಗೆ ಹೋದರೆ ಅವಳು ಮನೆಗೆ ಹೋಗಬೇಕು. ಗಂಡ ಅದೇ ಕಾರ್ಖಾನೆಯ ಕಡ್ಡಿ ವಿಭಾಗದಲ್ಲಿದ್ದ. ಅವನದು ಬೆಳಗಿನ ಪಾಳಿ, ಇವಳದು ಹಗಲಿನದು. ಅವನ ಹಿಂದೆ ಕೂತು ಹೋಗುವ ಹಾಗಿಲ್ಲ. ನಡೆದರೆ ಮುಟ್ಟುವ ಹೊತ್ತಿಗೆ ಊಟದ ಸೈರನ್ನು. ಮನೆಯಲ್ಲಿ ಆ ಮಾತು ಆಗಲೇ ಬಂದು ಹೋಗಿತ್ತು.

"ಸುಮ್ನೆ ಬಿಟ್ಬಿಡು ಕಣೆ," ಎಂದಿದ್ದ ಗಂಡ. "ಇಷ್ಟು ವರ್ಷ ಕೂಗಿದ್ದು ಸಾಕು. ಮನೇಲಿ ಕೂತು ನಮ್ಮನ್ನ ಅಣಕಿಸು."

"ಇದೇನಾ ನಿಮ್ಮ ಸ್ಟ್ಯಾಂಡು?"

"ನನ್ನ ಸ್ಟ್ಯಾಂಡ್ ಕ್ಲಿಯರಾಗಿದೆ."

"ಸೈಕಲ್ಲಿಗೆ ಸ್ಟ್ಯಾಂಡ್ ಇರೋದು ನಿಲ್ಸೋಕೆ ರೀ. ಮುಂದೆ ಹೋಗ್ಬೇಕು ಅಂದ್ರೆ ಅದನ್ನ ಒದ್ದು ಮೇಲೆ ಎತ್ತಬೇಕು."

"ಒದಿಯೋ ಮಾತು ಬಂತಲ್ಲಪ್ಪ," ಎಂದು ಅತ್ತೆ ಒಳಗಿಂದ ಕೂಗಿದ್ದರು. "ತಟ್ಟೆ ಹಾಕಿದೀನಿ, ಉಂಡು ಒದ್ಕೊಳ್ಳಿ."

ಮಾತಿನಲ್ಲಿ ಗೆದ್ದಿದ್ದಳು, ನಿಜ. ಆದರೆ ಗಿಳಿಯಕ್ಕ ಯಾರಿಗೂ ಹೇಳದ ಒಂದು ಸಂಗತಿ ಇತ್ತು. ಅವಳಿಗೂ ಸೈಕಲ್ಲು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಣ್ಣಂದಿರು ಅಪ್ಪನ ಸೈಕಲ್ಲಿನ ಬಾರಿನ ಕೆಳಗಿಂದ ಕಾಲು ತೂರಿಸಿ ಕಲಿಯುವಾಗ ಸೀಟು ಹಿಡಿದು ಹಿಂದೆ ಹಿಂದೆ ಓಡಿದವಳು ಅವಳು. ಅವರು ಕಲಿತು ದೊಡ್ಡವರಾದರು, ಇವಳು ಓಡಿ ದೊಡ್ಡವಳಾದಳು. ಆಮೇಲೆ ಅಪ್ಪನ ಹಿಂದೆ, ಅಣ್ಣನ ಹಿಂದೆ, ಗಂಡನ ಹಿಂದೆ ಕೂತದ್ದೇ ಕೂತದ್ದು. ಗಂಡಸರಿಗೆ ಕೆರಿಯರ್ರು, ಹೆಂಗಸರಿಗೆ ಕ್ಯಾರಿಯರ್ರು ಎಂದು ಅವಳೇ ಒಮ್ಮೆ ನಗೆಯಾಡಿದ್ದಳು. ಈಗ ಆ ನಗೆ ಅವಳನ್ನೇ ನೋಡಿ ನಗುತ್ತಿತ್ತು. ಹೋಗಿ ಹೆಸರು ಕೊಟ್ಟರೆ 'ಎಲ್ಲಿ, ಹತ್ತಿ ತೋರ್ಸಿ' ಅನ್ನುತ್ತಾರೆ. ಹತ್ತಿದರೆ ಬೀಳುತ್ತಾಳೆ. ಊರನ್ನೆಲ್ಲ ಅಣಕಿಸಿದವಳು ಬಿದ್ದರೆ ಊರು ಸುಮ್ಮನಿರುತ್ತದೆಯೇ? ಹಳೆಯ ಬಾಕಿಯೆಲ್ಲ ಬಡ್ಡಿ ಸಮೇತ ತೀರಿಸಿಕೊಳ್ಳುತ್ತದೆ.

ಆದ್ದರಿಂದ ಅವಳು ಪ್ರಕಟಣೆ ಮಾತ್ರ ಕೂಗುತ್ತಿದ್ದಳು. ದಿನಾ, ಮೈಕಿಗೆಂದೇ ಇಟ್ಟುಕೊಂಡಿದ್ದ ಜೇನಿನಂಥ ದನಿಯಲ್ಲಿ: "ಸೈಕಲ್ ಸವಾರಿಯಲ್ಲಿ ಆಸಕ್ತ ಮಹಿಳೆಯರು ಕೂಡಲೇ ತಮ್ಮ ಹೆಸರು ನೋಂದಾಯಿಸಬೇಕಾಗಿ ವಿನಂತಿ." ವಿನಂತಿ ಗಾಳಿಯಲ್ಲಿ ಹೋಗಿ ಗಾಳಿಯಲ್ಲೇ ಕರಗುತ್ತಿತ್ತು. ಹೊಲಿಗೆ ವಿಭಾಗದಲ್ಲಿ ಒಂದು ತಲೆಯೂ ಮೇಲೇಳುತ್ತಿರಲಿಲ್ಲ.

ಶುಕ್ರವಾರ ಊಟದ ಸೈರನ್ನಿಗೆ ಇನ್ನೇನು ಎನ್ನುವಾಗ ಅವಳ ವಾರಗಿತ್ತಿ ಡಬ್ಬಿ ಹಿಡಿದುಕೊಂಡು ಟೈಮ್ ಆಫೀಸಿಗೆ ನುಸುಳಿದಳು. ಮೈದುನನ ಹೆಂಡತಿ, ಹೊಲಿಗೆ ವಿಭಾಗದವಳು. ಛತ್ರಿ ಬಟ್ಟೆಯ ಎಂಟು ತುಂಡುಗಳನ್ನು ನೇರ ಸೇರಿಸುವುದರಲ್ಲಿ ಎತ್ತಿದ ಕೈ, ಮಾತನ್ನು ನೇರ ಸೇರಿಸುವುದರಲ್ಲಿ ಅಷ್ಟಕ್ಕಷ್ಟೆ.

"ಅಕ್ಕಾ, ನಾಳೆ ಶನಿವಾರ."

"ಕ್ಯಾಲೆಂಡರ್ ನನ್ನ ಹಿಂದೇನೇ ಇದೆ ಮಾರಾಯ್ತಿ."

"ಅಲ್ಲ, ಸೈಕಲ್ಲು ವಾಪಸ್ ಹೋಗುತ್ತಂತೆ. ಆಮೇಲೆ ನಾವು?"

"ನಾವೂ ವಾಪಸ್ಸು. ಇರು, ಕೊನೇ ಸಲ ಕೂಗಿ ಬಿಡ್ತೀನಿ."

ಹೊಸ ಕಟ್ಟಡಕ್ಕೆಂದು ತಂದ ಮೈಕನ್ನು ಪರೀಕ್ಷೆಗಾಗಿ ಅಂದು ಬೆಳಿಗ್ಗೆಯಷ್ಟೇ ಅವಳ ಮೇಜಿನ ಮೇಲೆ ಜೋಡಿಸಿ ಹೋಗಿದ್ದರು. ಹಳೆಯದರ ಗುಂಡಿ ಮೇಲೆತ್ತಿದರೆ ಚಾಲೂ, ಕೆಳಗೊತ್ತಿದರೆ ಬಂದ್. ಗಿಳಿಯಕ್ಕ ರೂಢಿಯಂತೆ ಗುಂಡಿ ಮೇಲೆತ್ತಿ, ಜೇನು ಸುರಿಸಿ, ಆಸಕ್ತ ಮಹಿಳೆಯರನ್ನು ಮತ್ತೊಮ್ಮೆ ಕರೆದು, ಗುಂಡಿ ಕೆಳಗೊತ್ತಿದಳು. ಯಂತ್ರಗಳ ಗದ್ದಲದಲ್ಲಿ ಹೊರಗೆ ದನಿ ಹೋಯಿತೋ ಇಲ್ಲವೋ ತಿಳಿಯುವಂತಿರಲಿಲ್ಲ. ಅಷ್ಟರಲ್ಲಿ ಸೈರನ್ನು ಕೂಗಿ ನಿಂತಿತು. ಯಂತ್ರಗಳೂ ನಿಂತವು.

"ಇದ್ನೇ ಶಾರ್ ಹೇಳಿದ್ರೆ ಹೇಗಿರುತ್ತೆ ಅಕ್ಕಾ?" ಎಂದು ವಾರಗಿತ್ತಿ ಮುಚ್ಚಳ ತೆಗೆಯುತ್ತ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು.

ಬೇಸರದಲ್ಲಿದ್ದ ಗಿಳಿಗೆ ಅಷ್ಟೇ ಸಾಕಾಯಿತು. ಎದ್ದು ನಿಂತಳು. ಇಲ್ಲದ ಹೊಟ್ಟೆಯನ್ನು ಮುಂದೆ ಮಾಡಿ, ಇಲ್ಲದ ಪ್ಯಾಂಟನ್ನು ಮೇಲಕ್ಕೆಳೆದುಕೊಂಡು, ಗಂಟಲು ಕೆರೆದಳು.

"ಎಲ್ಲಾ ಶಹೋದರಿಯರ ಗಮನಕ್ಕೆ! ಶೈಕಲ್ ಶವಾರಿಗೆ ಅಶಕ್ತ ಮಹಿಳೆಯರು ಶಂಕೋಚ ಬಿಟ್ಟು ಶಂಜೆ ಶೈರನ್ ಆದಮೇಲೆ ಅಂಗಳಕ್ಕೆ ಬನ್ನಿ! ಹೆಶರು ಬೇಡ, ಶಹಿ ಬೇಡ, ಶುಮ್ಮನೆ ಬನ್ನಿ! ಕಂಪನಿಯೇ ಕಲಿಶುತ್ತೆ, ಬಿದ್ದರೆ ಕಂಪನಿಯೇ ಎಬ್ಬಿಶುತ್ತೆ! ಶೊಂಟ ಉಳುಕಿದರೆ ರಜೆ ಶಿಗುತ್ತೆ! ನನಗೂ ಮೊದಲು ಬರುತ್ತಿರಲಿಲ್ಲ!"

ವಾರಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು ನಕ್ಕು ತುತ್ತು ನೆತ್ತಿಗೇರಿಸಿಕೊಂಡಳು. ಕಣ್ಣೊರೆಸಿಕೊಂಡು ಕಿಟಕಿಯಾಚೆ ನೋಡಿದವಳ ನಗು ಅಲ್ಲೇ ಗಕ್ಕನೆ ನಿಂತಿತು.

"ಅಕ್ಕಾ..."

ಎದುರಿನ ಹೊಲಿಗೆ ವಿಭಾಗದಲ್ಲಿ ಹೆಂಗಸರೆಲ್ಲ ಡಬ್ಬಿ ಹಿಡಿದವರು ಹಿಡಿದ ಹಾಗೆ, ಕೈ ತೊಳೆಯುವವರು ತೊಳೆಯುವ ಹಾಗೆ, ತಲೆಯೆತ್ತಿ ಗೋಡೆಯ ಮೇಲಿನ ಸ್ಪೀಕರನ್ನೇ ನೋಡುತ್ತಿದ್ದರು. ಗಿಳಿಯಕ್ಕ ಮೆಲ್ಲಗೆ ಮೈಕಿನ ಕಡೆ ತಿರುಗಿದಳು. ಕೆಳಗೊತ್ತಿದ್ದ ಗುಂಡಿಯ ಪಕ್ಕದಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಹೊಸ ಮೈಕಿಗೆ ಎಲ್ಲವೂ ತಿರುಗಾಮುರುಗಾ. ಜೇನಿನಂಥ ದನಿಯನ್ನು ಅದು ಯಾರಿಗೂ ಕೇಳಿಸಿರಲಿಲ್ಲ. ಶಾರ್ ದನಿಯ ಒಂದಕ್ಷರವನ್ನೂ ಬಿಟ್ಟಿರಲಿಲ್ಲ. ಗುಂಡಿ ಮೇಲೆತ್ತಿ ದೀಪ ಆರಿಸಿದಳು.

ಊಟ ಸೇರಲಿಲ್ಲ. ಶಾರ್ ಅಂದು ಬೆಳಗಿನಿಂದ ಹೊಸ ಕಟ್ಟಡದಲ್ಲಿದ್ದರು, ಬರುವುದು ಸಂಜೆಗೆ. ಅಲ್ಲಿಯವರೆಗೆ ಉಸಿರಿತ್ತು. ಆದರೆ ಗೇಟಿನ ಕಾವಲುಗಾರ, ಮೀಸೆಗೇ ಪ್ರತ್ಯೇಕ ಸಂಬಳ ಕೊಡಬೇಕಾದಷ್ಟು ಮೀಸೆ ಬಿಟ್ಟಿದ್ದವನು, ಆಗಲೇ ಕಿಟಕಿಗೆ ಮುಖ ತೂರಿಸಿದ್ದ.

"ಅಕ್ಕಾ, ಶಾರ್ ಎಲ್ಲಿಂದ ಒಳಗೆ ಬಂದ್ರು? ನನ್ನ ಗೇಟಲ್ಲಂತೂ ಬರ್ಲಿಲ್ಲ. ಗೇಟು ಬಿಟ್ಟು ಹೋಗಿದ್ದೆ ಅಂತ ನನ್ನ ಮೇಲೆ ಬರುತ್ತಲ್ಲಾ."

"ಫೋನಲ್ಲಿ ಮಾತಾಡಿದ್ರು," ಎಂದು ಬಾಯಿಗೆ ಬಂದದ್ದನ್ನು ಹೇಳಿ ಕಿಟಕಿ ಎಳೆದುಕೊಂಡಳು.

ತಪ್ಪಾಯಿತೆಂದು ಮತ್ತೆ ಮೈಕಿನಲ್ಲಿ ಹೇಳಬೇಕು. ಆದರೆ ಏನೆಂದು? 'ಈಗ ಮಾತಾಡಿದ್ದು ಮ್ಯಾನೇಜರ್ ಅಲ್ಲ' ಎಂದರೆ ಮತ್ತೆ ಯಾರು ಎನ್ನುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವಳು ಕಾರ್ಖಾನೆಗೆಲ್ಲ ಒಬ್ಬಳೇ, ಕೊಡಬೇಕಾದವಳೂ ಒಬ್ಬಳೇ. ಮೈಕಿನಲ್ಲಿ ಮ್ಯಾನೇಜರನ್ನು ಅಣಕಿಸಿದವಳಿಗೆ ಸೈಕಲ್ಲಿನ ಚಿಂತೆಯೇ ಬೇಡ, ಹೊಸ ಕಟ್ಟಡದ ಬಾಗಿಲನ್ನೇ ಅವಳು ನೋಡುವುದಿಲ್ಲ.

"ತೆಪ್ಪಗಿರಕ್ಕಾ," ಎಂದಳು ವಾರಗಿತ್ತಿ. "ಆಸಕ್ತರೇ ಬರ್ಲಿಲ್ಲ, ಅಶಕ್ತರು ಯಾರು ಬರ್ತಾರೆ? ಸಂಜೆ ನಾವೇ ಹೋಗಿ ಒಂದೆರಡು ಜನ ಬಂದಿದ್ರೆ ವಾಪಸ್ ಕಳಿಸಿದ್ರಾಯ್ತು."

ಸಂಜೆಯ ಸೈರನ್ನು ಕೂಗಿತು. ಗಿಳಿಯಕ್ಕ ಬಾಗಿಲಿಗೆ ಬೀಗ ಹಾಕಿ, ಮನಸ್ಸಿನಲ್ಲೇ ಕ್ಷಮಾಪಣೆಗೆ ಪದ ಜೋಡಿಸುತ್ತ, ಸರಕು ತುಂಬುವ ಅಂಗಳದ ಕಡೆ ತಿರುಗಿದಳು. ತಿರುಗಿದವಳು ಅಲ್ಲೇ ನಿಂತಳು.

ಅಂಗಳ ತುಂಬಿತ್ತು. ಹೊಲಿಗೆ ವಿಭಾಗ ಇಡಿಗೆ ಇಡೀ ಬಂದಿತ್ತು. ಹಿಡಿಗೆ ಬಣ್ಣ ಹಚ್ಚುವ ಹುಡುಗಿಯರು ಬೆರಳ ತುದಿಯ ಬಣ್ಣ ಆರುವ ಮೊದಲೇ ಬಂದಿದ್ದರು. ಕಸ ಗುಡಿಸುವ ಅಜ್ಜಿ ಪೊರಕೆ ಸಮೇತ ಬಂದಿದ್ದಳು. ಸೈಕಲ್ಲುಗಳ ಮೇಲಿನ ಪ್ಲಾಸ್ಟಿಕ್ಕನ್ನು ಯಾರೋ ಆಗಲೇ ಸುಲಿದು ಹಾಕಿದ್ದರು. ಒಬ್ಬಳು ಬೆಲ್ಲು ಬಾರಿಸಿ ನೋಡುತ್ತಿದ್ದಳು. ಇನ್ನೊಬ್ಬಳು ಪೆಡಲನ್ನು ಕೈಯಲ್ಲಿ ತಿರುಗಿಸಿ ಹಿಂದಿನ ಚಕ್ರ ತಿರುಗುವುದನ್ನು ತನ್ನ ಹೊಲಿಗೆ ಯಂತ್ರವನ್ನು ನೋಡುವ ಹಾಗೆ ತಲೆ ಓರೆ ಮಾಡಿ ನೋಡುತ್ತಿದ್ದಳು.

"ನೀವೆಲ್ಲಾ ಯಾಕೆ ಬಂದ್ರಿ?" ಗಿಳಿಯಕ್ಕನ ಬಾಯಿಂದ ಅದೇ ಬಂತು.

"ಇದೊಳ್ಳೆ ಚೆನ್ನಾಯ್ತು," ಎಂದರು ಹೊಲಿಗೆಯ ಹಿರಿಯಮ್ಮ, ಹಲ್ಲಲ್ಲಿ ಇನ್ನೂ ದಾರದ ತುಂಡು ಇಟ್ಟುಕೊಂಡೇ. "ಬರದೇ ಇರೋರು ಬನ್ನಿ ಅಂತ ಶಾರ್ ಕರೆದ್ರು, ನಮ್ಗೆ ಬರಲ್ಲ, ಅದಕ್ಕೇ ಬಂದ್ವಿ."

"ನಾನು ವಾರದಿಂದ ಕರೀತಾ ಇದ್ನಲ್ಲ!"

"ನೀನು ಆಸಕ್ತಿ ಇರೋರನ್ನ ಕರೀತಿದ್ದೆ ಕಣಮ್ಮ. ಆಸಕ್ತಿ ಇದೆ ಅಂತ ಬಾಯಿಬಿಟ್ಟು ಹೇಳಿದ್ರೆ ನಮ್ಮನೇರು 'ಓಹೋ, ಎಲ್ಲಿಗೆ ಹೋಗೋಕೆ ಆಸಕ್ತಿ' ಅಂತಾರೆ. ಇಲ್ಲಿ 'ಹತ್ತಿ ತೋರ್ಸು' ಅಂತಾರೆ. ಬರಲ್ಲ ಅಂತ ಹೇಳೋಕೇನು ಕಷ್ಟ? ಅದಕ್ಕೆ ಆಸಕ್ತಿ ಯಾಕೆ ಬೇಕು?"

"ಅಲ್ವಾ ಮತ್ತೆ," ಎಂದಳು ಬಣ್ಣದ ಹುಡುಗಿಯೊಬ್ಬಳು. "ಗಂಡಸ್ರು ಮೊದ್ಲು ಹೆಸರು ಕೊಟ್ಟು ಆಮೇಲೆ ಕಲೀತಾರೆ. ನಾವು ಕಲ್ತ ಮೇಲೇ ಹೆಸರು ಕೊಡ್ಬೇಕು ಅಂದ್ಕೊಂಡು ಕೂತಿದ್ವಿ. ಕಲಿಸೋರು ಯಾರು?"

"ಇಷ್ಟು ದಿನ ತುಳಿಸ್ಕೊಂಡಿದ್ದು ಸಾಕು, ನಾವೂ ತುಳಿಯೋಣ ಬಿಡು," ಎಂದಳು ಅಜ್ಜಿ. ಅಂಗಳವೆಲ್ಲ ನಕ್ಕಿತು. ಪನ್ನು ತನಗಿಂತ ಮುಂಚೆ ಬೇರೆಯವರ ಬಾಯಿಂದ ಬಂದದ್ದು ಗಿಳಿಯಕ್ಕನಿಗೆ ಜೀವನದಲ್ಲಿ ಅದೇ ಮೊದಲು. ಅವಳಿಗೆ ನಗಲೂ ಆಗಲಿಲ್ಲ. ಇವರೆಲ್ಲರಿಗೂ ಬರುವುದಿಲ್ಲವೇ? ತನ್ನ ಹಾಗೆಯೇ ಇವರೆಲ್ಲ ತಲೆ ತಗ್ಗಿಸಿ ಹೊಲಿಗೆ ನೋಡುತ್ತ ಕೂತಿದ್ದರೇ? ದಿನಾ ಮೈಕಿನಲ್ಲಿ ಕೂಗಿದವಳು ತಾನು, ಅದನ್ನು ಕೇಳಿ ನಾಚಿದವಳೂ ತಾನು. ಅಂಗಳದಲ್ಲಿ ನಿಂತವರೆಲ್ಲ ಆ ಎರಡನೆಯವಳೇ.

ಅಷ್ಟರಲ್ಲಿ ಗೇಟಿನ ಕಡೆ ಮೀಸೆಯವನ ಸಲ್ಯೂಟಿನ ಬೂಟು ಸದ್ದಾಯಿತು. ಶಾರ್ ಬಂದರು. ಪಕ್ಕದಲ್ಲಿ ಪರ್ಸೆಂಟು.

"ಏನಿದು ಶಂತೆ?" ಎಂದರು ಶಾರ್.

ವಾರಗಿತ್ತಿ ಗಿಳಿಯಕ್ಕನ ಸೆರಗು ಹಿಡಿದುಕೊಂಡಳು. ಗಿಳಿಯಕ್ಕ ಬಾಯಿ ತೆರೆಯುವಷ್ಟರಲ್ಲಿ ಹಿರಿಯಮ್ಮ ದಾರ ಉಗಿದು ಮುಂದೆ ಬಂದಿದ್ದರು.

"ನೀವು ಕರೆದ್ರಲ್ಲ ಸಾರ್, ಬಂದ್ವಿ. ನಿಮ್ಮಂಥ ದೊಡ್ಡೋರು ಮೈಕಲ್ಲಿ ನಿಂತು 'ನನಗೂ ಮೊದಲು ಬರುತ್ತಿರಲಿಲ್ಲ' ಅಂತ ಒಪ್ಕೊಂಡ್ರಲ್ಲ, ಅದು ನೋಡಿ ದೊಡ್ಡತನ. ನಮ್ಮ ಮನೆ ಗಂಡಸ್ರು ಒಬ್ರಾದ್ರೂ ಹಾಗಂದಿದ್ದುಂಟಾ?"

"ನಾನು? ಮೈಕಲ್ಲಿ?"

"ಮಧ್ಯಾಹ್ನ ಸಾರ್. ಸೊಂಟ ಉಳುಕಿದ್ರೆ ರಜೆ ಅಂತಾನೂ ಅಂದ್ರಿ."

ಶಾರ್ ಅವರ ಹುಬ್ಬು ಮೇಲೇರಿತು. ಅಂಗಳದ ಮೇಲೆಲ್ಲ ಒಂದು ಸುತ್ತು ಹೋದ ಅವರ ಕಣ್ಣು ಮೆಲ್ಲಗೆ ಬಂದು ಗಿಳಿಯಕ್ಕನ ಮೇಲೆ ಕೂತಿತು. ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅವರಿಗೊಬ್ಬರಿಗೇ ಗೊತ್ತಿಲ್ಲ ಎಂದು ಇಷ್ಟು ವರ್ಷ ಅವಳು ನಂಬಿದ್ದಳು. ಆ ನೋಟ ನೋಡಿದರೆ ಹಾಗೇನೂ ಕಾಣಲಿಲ್ಲ.

ಪರ್ಸೆಂಟು ಮಾತ್ರ ಬೆರಳು ಮಡಿಸುತ್ತ ತಲೆ ಎಣಿಸುತ್ತಿದ್ದ. "ಸಾರ್, ಅದ್ಭುತ ಸಾರ್! ಸೊನ್ನೆಯಿಂದ ಹತ್ತಿರಹತ್ತಿರ ತೊಂಬತ್ತು ಪರ್ಸೆಂಟು! ಏನು ಹೇಳಿದ್ರಿ ಸಾರ್ ಅಂಥದ್ದು?"

ಶಾರ್ ಪ್ಯಾಂಟು ಮೇಲಕ್ಕೆಳೆದುಕೊಂಡರು. ಗಂಟಲು ಕೆರೆದರು. ಗಿಳಿಯಕ್ಕನಿಗೆ ಕನ್ನಡಿ ನೋಡಿದ ಹಾಗಾಗಿ ಕಣ್ಣು ಮುಚ್ಚಿಕೊಂಡಳು.

"ಶರಿ," ಎಂದರು ಶಾರ್. "ಹೇಳಿದ್ದು ಹೇಳಿದ್ದೇ. ಕಂಪನಿ ಕಲಿಶುತ್ತೆ. ಶೈಕಲ್ ಯಾವುದೂ ವಾಪಶ್ ಹೋಗಲ್ಲ." ಆಮೇಲೆ ಬೆರಳಲ್ಲೇ ಗಿಳಿಯಕ್ಕನನ್ನು ಗೋಡೆಯ ಬದಿಗೆ ಕರೆದರು.

ಅವಳು ಹೋಗಿ ನಿಂತಳು. ಜೋಡಿಸಿಟ್ಟುಕೊಂಡಿದ್ದ ಕ್ಷಮಾಪಣೆಯ ಪದಗಳೆಲ್ಲ ಚೆಲ್ಲಾಪಿಲ್ಲಿ. ಗಾಬರಿಯಲ್ಲಿ ಬಾಯಿಂದ ಬಿದ್ದದ್ದು ಇಷ್ಟೇ: "ಶಾರಿ ಶಾರ್."

ಇನ್ನು ನೆಲ ಬಾಯಿ ಬಿಡಲಿ ಎಂದು ಕಾದಳು. ನೆಲ ಬಾಯಿ ಬಿಡಲಿಲ್ಲ, ಶಾರ್ ಬಿಟ್ಟರು.

"ನಾನು ಅಷ್ಟೊಂದು ಹಾಗೆ ಮಾತಾಡ್ತೀನಾ?"

ಅವಳು ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡಳು.

"ಶಣ್ಣವನಿದ್ದಾಗ ಶಾಲೆಗೆ ಆ ಇನ್ನೊಂದು ಅಕ್ಷರ ಹಾಕಿ ಹೇಳಿಬಿಟ್ಟೆ. ಮೇಷ್ಟ್ರು ಬೆತ್ತ ಶೀಳೋ ಹಾಗೆ ಹೊಡೆದ್ರು. ಅವತ್ತೇ ತೀರ್ಮಾನ ಮಾಡಿದೆ, ಯಾಕೆ ರಿಶ್ಕು, ಎಲ್ಲಾದಕ್ಕೂ ಇದನ್ನೇ ಹಾಕೋಣ ಅಂತ." ಗೋಡೆಯ ಕಡೆ ತಿರುಗಿ ದನಿ ತಗ್ಗಿಸಿದರು. "ಇನ್ನೊಂದು. ನನಗೂ ಮೊದಲು ಬರ್ತಿರಲಿಲ್ಲ ಅಂತ ಹೇಳಿಶಿದ್ರಲ್ಲ, ಅದು ತಪ್ಪು."

"ತಪ್ಪಾಯ್ತು ಸಾರ್."

"ಈಗಲೂ ಬರಲ್ಲ."

ಗಿಳಿಯಕ್ಕ ತಲೆಯೆತ್ತಿದಳು. ಅವರ ಮುಖದಲ್ಲಿ ನಗು ಇರಲಿಲ್ಲ, ಆದರೆ ನಗುವಿನ ವಿಳಾಸ ಇತ್ತು.

"ಮತ್ತೊಂದು ಶಲ ನನ್ನ ದನಿ ಮೈಕಲ್ಲಿ ಕೇಳಿಶಿದ್ರೆ ಕೆಲಶ ಹೋಗುತ್ತೆ. ಇದು ಶತ್ಯ. ಈಗ ಹೇಳಿ, ನಿಮಗೆ ಬರುತ್ತಾ?"

ಯಾವ ಪ್ರಶ್ನೆಗೂ ಯಾರದಾದರೂ ದನಿಯಲ್ಲಿ ಉತ್ತರ ಇಟ್ಟುಕೊಂಡಿದ್ದವಳು ಅವಳು. ಈ ಪ್ರಶ್ನೆಗೆ ಗಂಟಲಲ್ಲಿ ಬಾಡಿಗೆಗಿದ್ದವರು ಒಬ್ಬರೂ ನೆರವಿಗೆ ಬರಲಿಲ್ಲ.

"ಇಲ್ಲ ಸಾರ್. ನನಗೂ ಬರಲ್ಲ."

"ಹಾಗಾದ್ರೆ ಮೊದಲು ನೀವೇ ಹತ್ತಿ."

ಅಂಗಳದಲ್ಲಿ ಅಷ್ಟೂ ಜನ ನೋಡುತ್ತಿದ್ದರು. ಗಿಳಿಯಕ್ಕ ಸೆರಗು ಸಿಕ್ಕಿಸಿ, ನೀಲಿ ಬಣ್ಣದ್ದೊಂದನ್ನು ಹಿಡಿದು, ಸೀಟಿನ ಮೇಲೆ ಕೂತಳು. ಜೀವಮಾನದಲ್ಲಿ ಮೊದಲ ಸಲ ಸೈಕಲ್ಲಿನ ಮುಂಭಾಗ ಕಂಡಿತು. ಇಷ್ಟು ದಿನ ಅವಳಿಗೆ ಸೈಕಲ್ಲಿನ ಮುಂದೆ ಕಾಣುತ್ತಿದ್ದದ್ದು ಯಾರದೋ ಬೆನ್ನು. ಈಗ ಅಲ್ಲಿ ಬೆನ್ನಿರಲಿಲ್ಲ, ದಾರಿ ಇತ್ತು. ವಾರಗಿತ್ತಿ ಹಿಂದಿನಿಂದ ಸೀಟು ಹಿಡಿದು ನೂಕಿದಳು. ಸೈಕಲ್ಲು ಛತ್ರಿ ಬುದ್ಧಿ ತೋರಿಸಿತು. ಎಡಕ್ಕೆಂದರೆ ಬಲಕ್ಕೆ, ಬಲಕ್ಕೆಂದರೆ ಗೋಡೆಗೆ. ದಬಕ್ಕನೆ ಬಿದ್ದಳು.

ಬಿದ್ದದ್ದೇ ತಡ, ಹಿರಿಯಮ್ಮ, ಥೇಟ್ ಗಿಳಿಯಕ್ಕನ ಜೇನು ದನಿಯಲ್ಲಿ ರಾಗ ಎಳೆದರು: "ಬಿದ್ದ ಮಹಿಳೆಯರು ಕೂಡಲೇ ಎದ್ದು ನಿಲ್ಲಬೇಕಾಗಿ ವಿನಂತಿ..."

ಇಡೀ ಅಂಗಳ ಗೊಳ್ಳೆಂದಿತು. ಬಾಕಿ ತೀರಿತು. ಅವಳು ಹೆದರಿದ್ದಷ್ಟು ಅದು ನೋಯಲಿಲ್ಲ, ಮಂಡಿಯೇ ಅದಕ್ಕಿಂತ ಹೆಚ್ಚು ನೋಯುತ್ತಿತ್ತು. ಗಿಳಿಯಕ್ಕನೂ ನಕ್ಕಳು, ಎದ್ದಳು, ಮತ್ತೆ ಹತ್ತಿದಳು. ಅವಳ ಹಿಂದೆ ಬಣ್ಣದ ಹುಡುಗಿ ಹತ್ತಿದಳು, ಅವಳ ಹಿಂದೆ ಇನ್ನೊಬ್ಬಳು. ಯಾರು ಯಾರ ಮೇಲೆ ಬಿದ್ದರು, ಯಾರು ಯಾರನ್ನು ಎಬ್ಬಿಸಿದರು ಎಂಬುದಕ್ಕೆ ಪರ್ಸೆಂಟಿನ ಹತ್ತಿರವೂ ಲೆಕ್ಕವಿರಲಿಲ್ಲ.

ಅಂದು ಮನೆಯಲ್ಲಿ ಗಂಡ ಅವಳ ಮಂಡಿ ನೋಡಿ ಹುಬ್ಬು ಗಂಟಿಕ್ಕಿದ. "ಈ ವಯಸ್ಸಲ್ಲಿ ಬೇಕಿತ್ತಾ?" ಎಂದ.

ಎಣ್ಣೆ ಬಿಸಿ ಮಾಡಿ ತಂದ ಅತ್ತೆ ಮಗನನ್ನು ಪಕ್ಕಕ್ಕೆ ಸರಿಸಿ ಕೂತರು. "ನೀನು ಕಲಿಯೋವಾಗ ಎರಡು ಮಂಡಿ, ಒಂದು ಹಲ್ಲು. ಇವಳದ್ದು ಒಂದೇ ಮಂಡಿ. ಸುಮ್ನಿರೋ." ಎಣ್ಣೆ ತಿಕ್ಕುತ್ತ ಸೊಸೆಯ ಕಡೆ ಬಗ್ಗಿ, "ಬ್ರೇಕ್ ಹಿಡಿದ್ರೆ ಮುಂದಕ್ಕೆ ಎಸೆಯುತ್ತಂತಲ್ಲ, ಹೌದಾ?" ಎಂದು ಪಿಸುಗುಟ್ಟಿದರು. ಅದು ಹೆದರಿದವರ ಪ್ರಶ್ನೆಯಾಗಿರಲಿಲ್ಲ.

ಗಂಡ ಮರುದಿನ ಸಂಜೆ ಬಂದು ಅಂಗಳದ ಮೂಲೆಯಲ್ಲಿ ನಿಂತ. ಸ್ವಲ್ಪ ಹೊತ್ತು ತಡೆದುಕೊಂಡ. ಆಮೇಲೆ, "ಚಕ್ರ ನೋಡ್ಬೇಡ ಕಣೆ, ದೂರ ನೋಡು!" ಎಂದು ಕೂಗಿಯೇ ಬಿಟ್ಟ. ಸೋಮವಾರ ಸೀಟು ಹಿಡಿದು ಹಿಂದೆ ಓಡುತ್ತಿದ್ದವನು ಅವನೇ. ಏದುಸಿರು ಬಿಡುತ್ತ ಓಡಿ ಓಡಿ, "ಹಿಂದೆ ಓಡೋದು ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ," ಎಂದ. "ನನಗೆ ಗೊತ್ತಿತ್ತು," ಎಂದಳು ಗಿಳಿಯಕ್ಕ, ತಿರುಗಿ ನೋಡದೆ.

ಕಲಿಕೆಯ ಸುದ್ದಿ ಹಬ್ಬಿದಂತೆ ಒಂದು ಮಧ್ಯಾಹ್ನ ಮೀಸೆಯವನು ಕಿಟಕಿಗೆ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿದ. "ಅಕ್ಕಾ, ಗಂಡಸ್ರಲ್ಲೂ ಒಂದಿಷ್ಟು ಜನ ಹೆಸರು ಕೊಟ್ಟು ಕೂತಿದೀವಿ. ನಮ್ಗೂ ಒಂದು ಸಂಜೆ ಕ್ಲಾಸ್ ಇಡ್ಸಿ. ಆದ್ರೆ ದಯವಿಟ್ಟು ಮೈಕಲ್ಲಿ 'ಅಶಕ್ತ ಗಂಡಸರು ಬನ್ನಿ' ಅಂತ ಮಾತ್ರ ಕೂಗ್ಬೇಡಿ. ಒಬ್ನೂ ಬರಲ್ಲ." ಅವಳು ಕೂಗಲಿಲ್ಲ. ಬಾಯಿಂದ ಬಾಯಿಗೆ ಹೇಳಿ ಕಳಿಸಿದಳು. ಮೊದಲ ಸಂಜೆಯೇ ಕಡ್ಡಿ ಮೇಸ್ತ್ರಿ ಬಂದ. ಅವನ ಹಿಂದೆ ತಲೆಗೆ ಟೋಪಿ ಎಳೆದುಕೊಂಡು ಬಂದ ದುಂಡನೆಯ ಆಕೃತಿಯನ್ನು ಗುರುತಿಸಿಯೂ ಗುರುತಿಸದವರಂತೆ ಹಿರಿಯಮ್ಮ ಸೀಟು ಹಿಡಿದುಕೊಂಡು, "ಕಾಲು ಎತ್ತಿ ಹಾಕಿ ಶಾರ್," ಎಂದರಂತೆ.

ಕಾರ್ಖಾನೆ ನದಿಯಾಚೆ ತೆರೆದ ದಿನ ಬೆಳಿಗ್ಗೆ ಗಂಡ ತನ್ನ ಪಾಳಿಗೆ ಆಗಲೇ ಹೊರಟುಹೋಗಿದ್ದ. ಗಿಳಿಯಕ್ಕ ಒಲೆ ಆರಿಸಿ, ಡಬ್ಬಿಯನ್ನು ಹ್ಯಾಂಡಲಿಗೆ ತೂಗುಹಾಕಿ, ಬೀದಿಗಿಳಿದಳು. ವಾರಗಿತ್ತಿ ಮುಂದೆ, ಹೊಲಿಗೆಯವರು ಹಿಂದೆ. ಸೇತುವೆಯ ಮೇಲೆ ನದಿಯ ಗಾಳಿ ಎದುರಿಗೆ ಬಂತು. ಸೀರೆ ಪಟಪಟ ಬಡಿಯಿತು, ಹ್ಯಾಂಡಲು ನಡುಗಿತು. ಮುಂದೆ ಕತ್ತರಿಸುವ ವಿಭಾಗದ ಗಂಡಸರು ಸಾಲಾಗಿ, ಪೂರ್ತಿ ಸೇತುವೆ ತಮ್ಮದೇ ಎಂಬಂತೆ ಹರಟುತ್ತ ಸಾಗುತ್ತಿದ್ದರು. ಬೆಲ್ಲು ಬಾರಿಸಬೇಕೆಂದರೆ ಹೆಬ್ಬೆರಳು ಸಡಿಲಿಸಬೇಕು. ಹೆಬ್ಬೆರಳು ಸುತರಾಂ ಒಪ್ಪಲಿಲ್ಲ.

"ಟ್ರಿಣ್ ಟ್ರಿಣ್! ಟ್ರಿಣ್ ಟ್ರಿಣ್!" ಎಂದು ಬಾಯಲ್ಲೇ ಕೂಗಿದಳು. ಗಂಡಸರು ಥಟ್ಟನೆ ಬದಿಗೆ ಸರಿದರು. ದಾಟಿ ಹೋದವಳ ಕೈಯನ್ನೂ ಬಾಯಿಯನ್ನೂ ಸರದಿಯಾಗಿ ನೋಡಿ, "ಅಯ್ಯೋ, ಗಿಳಿಯಕ್ಕ ಕಣ್ರೋ!" ಎಂದು ಬೊಬ್ಬೆ ಹೊಡೆದರು. ಅಷ್ಟರಲ್ಲಿ ಹಿಂದಿನ ಹೊಲಿಗೆಯವರೆಲ್ಲ ಟ್ರಿಣ್ ಟ್ರಿಣ್ ಎನ್ನುತ್ತ ಅದೇ ಸಂದಿನಲ್ಲಿ ತೂರಿಬಿಟ್ಟರು.

ಹೊಸ ಗೇಟು ಬಂತು. ಮೀಸೆಯವನು ಹೊಸ ಸಮವಸ್ತ್ರದಲ್ಲಿ ಕೈ ಅಡ್ಡ ಹಿಡಿದು ನಿಂತಿದ್ದ.

"ಅಕ್ಕಾ, ಇಳೀಬೇಕು. ಒಳಗೆ ಸವಾರಿ ಇಲ್ಲ ಅಂತ ಆರ್ಡರ್ ಆಗಿದೆ."

"ಸರಿಯೋ ಪಕ್ಕಕ್ಕೆ!" ಎಂದಳು ಗಿಳಿಯಕ್ಕ. ಅಂಗಳದಲ್ಲಿ ಕಲಿತಷ್ಟೂ ದಿನ ಯಾರಾದರೊಬ್ಬರು ಓಡಿ ಬಂದು ಸೀಟು ಹಿಡಿದ ಮೇಲೇ ಅವಳು ಕಾಲು ಕೆಳಗಿಟ್ಟದ್ದು. ಇಂದು ಹಿಡಿಯುವವರೆಲ್ಲ ತಮ್ಮ ತಮ್ಮ ಸೈಕಲ್ಲಿನ ಮೇಲಿದ್ದರು.

"ಇಳಿಯೋದು ಇನ್ನೂ ಬರಲ್ಲ ಕಣಪ್ಪಾ!"

ಮೀಸೆಯವನ ಕೈ ತಾನಾಗಿ ಕೆಳಗಿಳಿಯಿತು. ಗಿಳಿಯಕ್ಕ ಗೇಟು ದಾಟಿ ಒಳಗೆ ನುಗ್ಗಿದಳು. ಹೊಸ ಕಟ್ಟಡದ ಸುತ್ತ ಹೊಸ ಸಿಮೆಂಟಿನ ದಾರಿ, ನುಣ್ಣಗೆ, ಯಾರ ಚಕ್ರದ ಗುರುತೂ ಬೀಳದೆ ಮಲಗಿತ್ತು. ತನ್ನ ಟೈಮ್ ಆಫೀಸಿನ ಕಿಟಕಿ ಹಾದುಹೋಯಿತು. ಕಡ್ಡಿ ವಿಭಾಗದ ಬಾಗಿಲು ಹಾದುಹೋಯಿತು, ಅದರಲ್ಲಿ ಬಾಯಿ ತೆರೆದು ನಿಂತಿದ್ದ ಗಂಡನೂ ಹಾದುಹೋದ. ಸೈರನ್ನಿಗೆ ಇನ್ನೂ ಹೊತ್ತಿತ್ತು. ಇಳಿಯುವುದನ್ನು ಆಮೇಲೆ ಕಲಿತರಾಯಿತು ಎಂದುಕೊಂಡು ಅವಳು ಮೂಲೆಯಲ್ಲಿ ಹ್ಯಾಂಡಲು ತಿರುಗಿಸಿ, ಇನ್ನೊಂದು ಸುತ್ತಿಗೆ ಪೆಡಲು ಒತ್ತಿದಳು.